ಅತ್ತೆಯ ಸಂದೂಕಕ್ಕೆ ಅಲಾರಂ

ಓಂಪ್ರಕಾಶನ ಮನೆಗೆ ಕಳ್ಳರು ನುಗ್ಗಿದ್ದು ಹಾಡಹಗಲಲ್ಲಿ. ಮನೆಮಂದಿಯೆಲ್ಲ ಹುಲಸೂರಿಗೆ ಬಸುರಿಯೊಬ್ಬಳ ಕುಬಸದ ಊಟಕ್ಕೆ ಹೋಗಿದ್ದರು. ಸಂಜೆ ಬಂದು ನೋಡಿದರೆ ಹಿತ್ತಲ ಬಾಗಿಲ ಕೊಂಡಿ ಮುರಿದಿತ್ತು, ಕಪಾಟು ಬಾಯಿ ತೆರೆದು ನಿಂತಿತ್ತು. ಅವನ ತಾಯಿ ರುಕ್ಮಿಣಿಬಾಯಿ ಓಣಿಯ ನಡುವೆ ಕೂತು ಎದೆ ಬಡಿದುಕೊಂಡು ಅತ್ತಳು. ಬಸವಕಲ್ಯಾಣದ ಆ ಓಣಿಯಲ್ಲಿ ಅವತ್ತು ಯಾರ ಮನೆಯಿಂದಲೂ ರೊಟ್ಟಿ ಬಡಿಯುವ ಸಪ್ಪಳ ಕೇಳಲಿಲ್ಲ.

ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆ ಗುರುಲಿಂಗನದು. ಗಾಂಧಿ ಚೌಕದ ಕಡೆ ಅವನ ಬೀಜ-ಗೊಬ್ಬರದ ದುಕಾನಿತ್ತು, ಮುಡಬಿಯಲ್ಲಿ ಹದಿನಾಲ್ಕು ಎಕರೆ ಹೊಲವಿತ್ತು. ಮನೆಯಲ್ಲಿ ನಾಲ್ಕೇ ಮಂದಿ: ಅವನು, ಹೆಂಡತಿ ಪೂನಂ, ಎಂಟನೆಯ ತರಗತಿಯ ಮಗಳು ಐಶ್ವರ್ಯ, ಮತ್ತು ತಾಯಿ ಸೂಗಮ್ಮ. ಸೂಗಮ್ಮನ ಬಂಗಾರವೆಲ್ಲ ಆಕೆಯ ಕೋಣೆಯ ತಗಡಿನ ಸಂದೂಕದಲ್ಲಿತ್ತು. ಅದರ ಚಾವಿ ಆಕೆಯ ಸೊಂಟದಲ್ಲಿತ್ತು.

"ನಾವೂ ಅಲಾರಂ ಹಾಕಸ್ಬೇಕು," ಎಂದ ಗುರುಲಿಂಗ ಊಟಕ್ಕೆ ಕೂತಾಗ. "ಕಲಬುರಗಿ ಕಂಪನಿಯಾಂವಗ ಫೋನ್ ಮಾಡಿದ್ದೆ. ಮೂವತ್ತೆರಡು ಸಾವಿರ ಅಂತಾನ."

"ಮೂವತ್ತೆರಡು ಯಾಕ್ರಿ?" ಪೂನಂ ಬೇಳೆ ಬಡಿಸುತ್ತ ಕೇಳಿದಳು. "ಸಾಮಾನು ಎಂಟೊಂಬತ್ತು ಸಾವಿರದ್ದು ಇರ್ತದ. ಮಿಕ್ಕಿದ್ದೆಲ್ಲ ಮಿಸ್ತ್ರಿ ಕೂಲಿ. ನಾ ಹಾಕ್ತೀನಿ."

ಗುರುಲಿಂಗ ನಕ್ಕುಬಿಟ್ಟ. "ನೀನಾ?"

ಪೂನಂ ಎಲೆಕ್ಟ್ರಾನಿಕ್ಸಿನಲ್ಲಿ ಡಿಪ್ಲೊಮಾ ಮಾಡಿದವಳು. ತವರೂರು ಹಳ್ಳಿಖೇಡದಿಂದ ದಿನಾ ಬಸ್ಸಿಗೆ ಜೋತುಬಿದ್ದು ಮೂರು ವರ್ಷ ಕಾಲೇಜಿಗೆ ಹೋಗಿದ್ದಳು. ಕೊನೆಯ ಪರೀಕ್ಷೆ ಮುಗಿದ ಇಪ್ಪತ್ತೊಂದನೆಯ ದಿನ ಮದುವೆಯಾಯಿತು. ಮಾರ್ಕ್ಸ್ ಕಾರ್ಡು ಅಂಚೆಯಲ್ಲಿ ಬಂದಾಗ ಈ ಮನೆಯ ಹಿಟ್ಟಿನ ಡಬ್ಬಿಗಳೆಲ್ಲ ಅವಳ ಕೈಗೆ ಬಂದಾಗಿತ್ತು.

"ಹಾಕ್ಲಿ ಬಿಡೋ," ಎಂದಳು ಸೂಗಮ್ಮ. "ಮಿಕ್ಸರ್ ಕೆಟ್ರ ಆಕಿನೇ ಬಿಚ್ಚತಾಳ. ನಿಮ್ಮಪ್ಪನ ರೇಡಿಯೋ ಯಾರು ಹಚ್ಚಿಕೊಟ್ರು? ಮನ್ಯಾಗ ಶ್ಯಾಣ್ಯಾ ಹೆಂಗಸು ಇರೂವಾಗ ಹೊರಗಿನಾಂವಗ ಯಾಕ ರೊಕ್ಕ?"

"ಆತಪ್ಪ, ಆತು. ಕೆಟ್ರ ಮತ್ತ ನನ್ನ ಮ್ಯಾಲ ಹಾಕಬ್ಯಾಡ್ರಿ," ಎಂದು ಗುರುಲಿಂಗ ಕೈ ತೊಳೆದ.

ಮುಂದಿನ ಭಾನುವಾರ ಇಬ್ಬರೂ ಹುಮನಾಬಾದಿಗೆ ಹೋದರು. ಮುಜಾಫರನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಾಲ್ಕು ನಮೂನೆಯ ಡಬ್ಬಿಗಳಿದ್ದವು. ಮುಜಾಫರ್ ಮೊದಮೊದಲು ಎಲ್ಲವನ್ನೂ ಗುರುಲಿಂಗನಿಗೇ ಹೇಳಿದ. "ಸಾವಕಾರ್ರ, ಇದು ಒಂದ್ ನಂಬರ್ ಮಾಲ್ ನೋಡ್ರಿ. ವೈಫೈ ಮ್ಯಾಲ ನಡೀತದ."

"ವೈಫೈದು ಬ್ಯಾಡ್ರಿ," ಎಂದಳು ಪೂನಂ. "ನಮ್ಮಲ್ಲಿ ಕರೆಂಟ್ ಹೋದ್ರ ರೂಟರೂ ಬಂದ್. ಸಿಮ್ ಹಾಕೋದು ಇದ್ರ ತೋರಸ್ರಿ. ಒಳಗಿನ ಬ್ಯಾಟ್ರಿ ಎಷ್ಟು ತಾಸು ತಡೀತದ?"

"ಎಂಟು ತಾಸು, ಭಾಭಿ."

"ಖರೆ ಎಷ್ಟು?"

ಮುಜಾಫರ್ ಅವಳ ಮುಖ ನೋಡಿದ. "ಐದು," ಎಂದ. ಆಮೇಲೆ ಅವನು ಗುರುಲಿಂಗನ ಕಡೆ ತಿರುಗಲಿಲ್ಲ. ಬಾಗಿಲಿಗೆ ಹಚ್ಚುವ ಸೆನ್ಸರುಗಳು ನಾಲ್ಕು ಸಾಕೋ ಆರು ಬೇಕೋ, ಜನ ಓಡಾಡಿದರೆ ಗುರುತಿಸುವ ಕಣ್ಣು ಒಂದಿರಲೋ ಎರಡಿರಲೋ, ತಂತಿ ಎಳೆಯುವುದು ಒಳ್ಳೆಯದೋ ತಂತಿಯಿಲ್ಲದ್ದೋ, ಇಬ್ಬರೂ ಮುಕ್ಕಾಲು ತಾಸು ಮಾತಾಡಿದರು. ಗುರುಲಿಂಗ ಹೊರಗೆ ಹೋಗಿ ಎರಡು ಸಲ ಚಾ ಕುಡಿದು ಬಂದ.

ಹಚ್ಚುವ ಕೆಲಸ ಐದು ದಿನ ಹಿಡಿಯಿತು. ಬೆಳಿಗ್ಗೆ ಚಾ, ಡಬ್ಬಿ, ಸ್ನಾನ, ಪೂಜೆ, ರೊಟ್ಟಿ ಎಲ್ಲ ಮುಗಿಸಿ ಹನ್ನೊಂದಕ್ಕೆ ಪೂನಂ ಸೆರಗು ಬಿಗಿದು ನಿಚ್ಚಣಿಕೆ ಹತ್ತುವಳು. ಕೆಳಗೆ ಸೂಗಮ್ಮ ಎರಡೂ ಕೈಯಲ್ಲಿ ನಿಚ್ಚಣಿಕೆ ಹಿಡಿದು ನಿಲ್ಲುವಳು. ಸೆನ್ಸರಿಗೆ ಎರಡು ತುಂಡು. ಒಂದನ್ನು ಚೌಕಟ್ಟಿಗೆ ಹಚ್ಚಬೇಕು, ಇನ್ನೊಂದು ಅಯಸ್ಕಾಂತದ್ದು, ಅದನ್ನು ಬಾಗಿಲಿಗೆ. ಎರಡರ ನಡುವೆ ಒಂದು ಬೆರಳಿಗಿಂತ ಹೆಚ್ಚು ಸಂದು ಬಿಡಬಾರದು. ಹಳೆಯ ಸಾಗವಾನಿ ಬಾಗಿಲು ಚೌಕಟ್ಟಿಗಿಂತ ಒಳಗೆ ಕೂತಿದ್ದರಿಂದ ಪೂನಂ ಮರದ ಚೂರು ಕೆತ್ತಿ ಅಡಿಗೆ ಕೊಟ್ಟು ಎತ್ತರ ಸರಿ ಮಾಡಿದಳು. ಪಡಸಾಲೆಯ ಕಣ್ಣನ್ನು ಮೊದಲು ಕಿಟಕಿಗೆ ಎದುರಾಗಿ ಹಚ್ಚಿದ್ದಳು. ಗಾಳಿಗೆ ಪರದೆ ಅಲ್ಲಾಡಿದರೂ ಅದು ಮಿಣುಕುತ್ತಿತ್ತು. ಬಿಚ್ಚಿ ಮೂಲೆಗೆ ಹಚ್ಚಿದಳು. ಸೂಗಮ್ಮ ಪಡಸಾಲೆಯಲ್ಲಿ ಹಿಂದೆ ಮುಂದೆ ನಡೆದು, "ಈಗ ಕಂಡ್ನೇನು? ಈಗ?" ಎಂದು ಕೇಳುತ್ತ ನಗುವಳು.

"ಕಂಡ್ರಿ ಅತ್ತಿ. ಕುಂತು ನಡೀರಿ ನೋಡೂಣು."

"ಮೊಣಕಾಲು ಎಲ್ಲಿ ಕೇಳ್ತಾವವ್ವ ಕುಂತು ನಡಿಯಾಕ!"

ಐದನೆಯ ದಿನ ಸೈರನ್ ಕೂಗಿಸಿ ನೋಡಿದಾಗ ರುಕ್ಮಿಣಿಬಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಓಣಿಯ ಮಂದಿ ನೆರೆದರು. ಗುರುಲಿಂಗ ಸೊಂಟದ ಮೇಲೆ ಕೈಯಿಟ್ಟು, "ನಾವೇ ಹಾಕಿದ್ವಿ. ಕಂಪನಿಯಾಂವ ಯಾಕ ಬೇಕು?" ಎಂದ. ಮೊಬೈಲಿನಲ್ಲಿ ನಂಬರು ತುಂಬಿಸುವಾಗ ಪೂನಂ ಕೇಳಿದಳು, "ಐದು ನಂಬರ್ ಹಾಕಾಕ ಬರ್ತದ. ನಂದೂ ಹಾಕ್ಲೇನ್ರಿ?"

"ನಂದೊಂದ ಸಾಕು. ಎಲ್ಲಾರ ಫೋನೂ ಒದರ್ಕೋತ ಕುಂತ್ರ ಹ್ಯಾಂಗ?"

ಮನೆಯಲ್ಲಿ ಜನ ಇದ್ದಾಗ ಸೈರನ್ ಕೂಗದಂತೆ ಇಡಬಹುದಿತ್ತು. ಆದರೆ ಯಾವ ಬಾಗಿಲು ಎಷ್ಟು ಹೊತ್ತಿಗೆ ತೆರೆಯಿತು, ಎಷ್ಟು ಹೊತ್ತಿಗೆ ಮುಚ್ಚಿತು ಎಂಬುದು ಮೊಬೈಲಿಗೆ ಹೋಗುತ್ತಲೇ ಇರುತ್ತಿತ್ತು. ಗುರುಲಿಂಗ ದುಕಾನಿನಲ್ಲಿ ಗಿರಾಕಿ ಇಲ್ಲದಾಗ ಅದನ್ನೇ ನೋಡುತ್ತ ಕೂರತೊಡಗಿದ.

ಎರಡು ವಾರ ಕಳೆದಿರಬೇಕು. ಒಂದು ಸೋಮವಾರ ಸಂಜೆ ಅವನು ಬಂದವನೇ ಚಪ್ಪಲಿ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತ.

"ಮಧ್ಯಾಹ್ನ ಒಂದು ಗಂಟೆಗೆ ಹಿತ್ತಲ ಬಾಗಿಲಾ ಯಾಕ ತೆರದಿದ್ದಿ?"

"ನಾ ತೆರದಿಲ್ರಿ."

"ಹೋದ ಸೋಮವಾರನೂ ಒಂದು ಗಂಟೆಗೆ ತೆರದದ. ಇಪ್ಪತ್ತು ಮಿನಿಟ್ ಹಂಗs ಇತ್ತು. ಹಿತ್ತಲದಾಗ ಬಚ್ಚಲ ಇಲ್ಲ, ಬಾವಿ ಇಲ್ಲ. ಇಪ್ಪತ್ತು ಮಿನಿಟ್ ಏನು ಕೆಲಸ? ಯಾರು ಬರ್ತಾರ?"

ಪೂನಂಗೆ ಮುಖಕ್ಕೆ ಹೊಡೆದಂತಾಯಿತು. "ಏನಂತ ಕೇಳಾಕತ್ತೀರಿ ನೀವು?"

"ಕೇಳಿದ್ದಕ್ಕ ಹೇಳು. ಯಾರು ಬರ್ತಾರ?"

ಐಶ್ವರ್ಯ ಪುಸ್ತಕದಿಂದ ತಲೆ ಎತ್ತಿ ನೋಡುತ್ತಿದ್ದಳು. ಮಗಳ ಎದುರು ಇಂಥ ಮಾತು ಬಂದಿತೆಂಬ ಸಿಟ್ಟೋ, ನಾಚಿಕೆಯೋ, ಪೂನಂಳ ಬಾಯಿಂದ ತಟ್ಟನೆ ಬಂದುಬಿಟ್ಟಿತು: "ನಿಮ್ಮವ್ವನ ಕೇಳ್ರಿ. ಧನಶ್ರೀ ಬಂದಿರ್ತಾಳ."

ಹೇಳಿದ ಮೇಲೆ ಅವಳು ತುಟಿ ಕಚ್ಚಿದಳು. ಆದರೆ ಮಾತು ಆಗಲೇ ಹೊರಬಿದ್ದಿತ್ತು.

ಧನಶ್ರೀ ಗುರುಲಿಂಗನ ಒಬ್ಬಳೇ ತಂಗಿ. ಗಂಡ ತೀರಿಕೊಂಡ ಮೇಲೆ ಹುಮನಾಬಾದಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಸೀರೆಗೆ ಪೀಕೋ-ಫಾಲ್ ಮಾಡಿ ಬದುಕುತ್ತಿದ್ದಳು. ಎರಡು ವರ್ಷದ ಹಿಂದೆ, "ಅಪ್ಪನ ಪ್ಲಾಟಿನಾಗ ಒಂದು ಖೋಲಿ ಕಟ್ಟಿಕೊಳ್ಳುವಷ್ಟು ಜಾಗ ಕೊಡಣ್ಣ," ಎಂದು ಕೇಳಿದ್ದಳು. ಅಣ್ಣ ಕೊಡಲಿಲ್ಲ. ಆಕೆ ವಕೀಲರ ಕಡೆಯಿಂದ ನೋಟಿಸು ಕಳಿಸಿದಳು. ಅಂದಿನಿಂದ ಈ ಮನೆಯ ಹೊಸ್ತಿಲು ಆಕೆಗೆ ಬಂದ್ ಆಗಿತ್ತು. ಸೋಮವಾರ ದಾರ, ಫಾಲು ಕೊಳ್ಳಲು ಬಸವಕಲ್ಯಾಣಕ್ಕೆ ಬಂದಾಗ ಹಿಂದಿನ ಸಂದಿಯಿಂದ ಬಂದು ತಾಯಿಯನ್ನು ಕಂಡುಹೋಗುತ್ತಿದ್ದಳು. ಪೂನಂ ಅದನ್ನು ನೋಡಿಯೂ ನೋಡದವಳಂತೆ ಆ ಹೊತ್ತಿಗೆ ಮಾಳಿಗೆಗೆ ಬಟ್ಟೆ ಒಣಹಾಕಲು ಹೋಗುತ್ತಿದ್ದಳು.

ಅವತ್ತು ಊಟಕ್ಕೆ ಕೂತಾಗ ಜಗಳ ಹತ್ತಿತು.

"ಆಕಿ ಈ ಮನಿಗೆ ಬರಬಾರ್ದು ಅಂತ ಹೇಳಿದ್ದೆ ಇಲ್ಲೋ ಅವ್ವಾ?"

"ಮನಿಗೆ ಎಲ್ಲಿ ಬಂದಾಳ? ಹೊಸ್ತಿಲ ಹೊರಗ ನಿಂತು ಹೋಗ್ತಾಳ."

"ಏನು ಕೊಡ್ತಿ ಆಕಿಗೆ?"

"ನಾಕು ರೊಟ್ಟಿ, ಒಂದೀಟು ಪುಂಡಿಪಲ್ಯ. ಹೊಟ್ಟಿಲೆ ಹುಟ್ಟಿದಾಕಿಗೆ ನಾಕು ರೊಟ್ಟಿ ಕೊಟ್ರ ನಿನ್ನ ಮನಿ ಮುಳಗ್ತದೇನು?"

"ರೊಟ್ಟಿ ಹೋದ ದಾರೀಲೆ ಬಂಗಾರಾನೂ ಹೋಗ್ತದ."

ಸೂಗಮ್ಮ ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಾಟಿನಲ್ಲಿ ಇಟ್ಟಳು. "ನಿನಗ ಯಾರು ಹೇಳಿದ್ರು, ಆಕಿ ಬರ್ತಾಳಂತ?"

ಗುರುಲಿಂಗ ಮೊಬೈಲ್ ಎತ್ತಿ ತೋರಿಸಿದ. "ಇದು ಹೇಳ್ತು."

ಸೂಗಮ್ಮ ಅದನ್ನು ನೋಡಲಿಲ್ಲ. ಸೊಸೆಯನ್ನು ನೋಡಿದಳು. ಬಾಗಿಲು ಯಾರು ತೆರೆದರೆಂದು ಮೊಬೈಲು ಹೇಳುವುದಿಲ್ಲ ಎಂಬುದು ನಿಚ್ಚಣಿಕೆ ಹಿಡಿದು ನಿಂತಿದ್ದ ಆಕೆಗೂ ಗೊತ್ತಿತ್ತು. ಪೂನಂ ಉಪ್ಪಿನಕಾಯಿ ತರುವ ನೆಪ ಮಾಡಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಗುರುಲಿಂಗ ಹೆಂಡತಿಯನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದ. "ಒಂದು ಸೆನ್ಸರ್ ಉಳದದಲ್ಲ, ಅದನ್ನ ಅವ್ವನ ಸಂದೂಕಕ್ಕ ಹಚ್ಚು."

"ಅತ್ತಿಯವರ ಸಂದೂಕಕ್ಕ?"

"ಕಳ್ಳರು ಹೊರಗಿಂದs ಬರ್ತಾರ ಅಂತ ಬರದಿಟ್ಟದೇನು?"

"ಅವರಿಗೆ ಒಂದು ಮಾತು ಕೇಳ್ರಿ."

"ಕೇಳಿ ಹಚ್ಚಿದ್ರ ಏನುಪಯೋಗ? ನೀ ಹಚ್ಚತೀಯೋ, ಹುಮನಾಬಾದಿಂದ ಮಿಸ್ತ್ರಿ ಕರಸ್ಲೋ? ಹೊರಗಿನಾಂವ ಬಂದು ಅವ್ವನ ಖೋಲ್ಯಾಗ ಕುಂತು ಹಚ್ಚತಾನ. ನಿನಗದು ಛಲೋ ಕಾಣಸ್ತದೇನು?"

ಪೂನಂ ಮೆಲ್ಲಗೆ, "ಬರೀ ಮೆಸೇಜ್ ಬರೂ ಹಂಗ ಇಡ್ತೀನಿ. ಸೈರನ್ ಬ್ಯಾಡ," ಎಂದಳು.

"ಬ್ಯಾಡ. ಒದರಬೇಕು. ಇಪ್ಪತ್ನಾಕು ತಾಸೂ."

ಬುಧವಾರ ಸೂಗಮ್ಮ ರುಕ್ಮಿಣಿಬಾಯಿಯ ಜೊತೆ ಅಕ್ಕನಾಗಮ್ಮನ ಗವಿಗೆ ಹೋದಳು. ಪೂನಂ ಸಂದೂಕದ ಮುಂದೆ ಕೂತಳು. ತಗಡಿನ ಮೇಲೆ ನೇರ ಹಚ್ಚಿದರೆ ಅಯಸ್ಕಾಂತದ ಶಕ್ತಿ ಕುಗ್ಗುತ್ತದೆಂದು ತೆಳ್ಳಗಿನ ಹಲಗೆಯ ಚೂರು ಕತ್ತರಿಸಿ ಅಂಟಿಸಿದಳು. ಹಿಂದಿನ ಮಗ್ಗುಲಲ್ಲಿ, ಗೋಡೆಯ ಕಡೆ, ಯಾರಿಗೂ ಕಾಣದಂತೆ. ಅಂಥ ಕೆಲಸದಲ್ಲೂ ಅವಳ ಕೈ ತಪ್ಪಲಿಲ್ಲ. ಸಂಜೆ ಅತ್ತೆಗೆ ಹೇಳಿಬಿಡಬೇಕೆಂದು ಅಂದುಕೊಂಡಳು. ಸಂಜೆ ಸೂಗಮ್ಮ ಮೊಣಕಾಲು ನೋವೆಂದು ಮಲಗಿಬಿಟ್ಟಳು. ಮರುದಿನ ಐಶ್ವರ್ಯಳಿಗೆ ಜ್ವರ ಬಂತು. ಅದರ ಮರುದಿನ ಹೇಳಲು ಬಾಯಿ ಬರಲಿಲ್ಲ. ಇನ್ನೊಂದು ದಿನ ಹೋಗಲಿ ಎಂದುಕೊಂಡಳು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪೂನಂ ಮಾಳಿಗೆಯ ಮೇಲೆ ಶೇಂಗಾ ಒಣಹಾಕುತ್ತಿದ್ದಾಗ ಸೈರನ್ ಕೂಗಿತು. ಅವಳು ಎರಡೆರಡು ಮೆಟ್ಟಿಲು ಹಾರಿ ಇಳಿದು ಬರುವಷ್ಟರಲ್ಲಿ ಓಂಪ್ರಕಾಶ ಬಡಿಗೆ ಹಿಡಿದುಕೊಂಡು ಪಡಸಾಲೆಗೆ ನುಗ್ಗಿದ್ದ. ಹಿಂದೆ ರುಕ್ಮಿಣಿಬಾಯಿ. ಅವಳ ಹಿಂದೆ ಏಳೆಂಟು ಮಂದಿ.

ಸೂಗಮ್ಮ ತೆರೆದ ಸಂದೂಕದ ಮುಂದೆ ನಿಂತಿದ್ದಳು. ಶ್ರಾವಣ ಸೋಮವಾರದ ಪೂಜೆಗೆ ಉಡಲು ತೆಗೆದ ಇಳಕಲ್ ಸೀರೆ ಕೈಯಲ್ಲಿತ್ತು. ಕಿವಿ ಮುಚ್ಚಿಕೊಳ್ಳಲೂ ತಿಳಿಯದೆ, ಕಳ್ಳನನ್ನು ಹುಡುಕುವವಳಂತೆ ಸುತ್ತಮುತ್ತ ನೋಡುತ್ತಿದ್ದಳು. ಪೂನಂ ಸ್ಟೂಲ್ ಹತ್ತಿ ಸೈರನ್ನಿನ ತಂತಿ ಕಿತ್ತಳು.

"ಯಾರು? ಕಳ್ಳ ಎಲ್ಲಿ?" ಎಂದ ಓಂಪ್ರಕಾಶ.

ಸೂಗಮ್ಮ ಬಗ್ಗಿ ಸಂದೂಕದ ಹಿಂದೆ ಕೈಯಾಡಿಸಿದಳು. ಬೆರಳಿಗೆ ಆ ಚಿಕ್ಕ ಬಿಳಿ ತುಂಡು ಸಿಕ್ಕಿತು.

"ಯಾರು ಹಚ್ಚಿದ್ದು ಇದು?"

"ನಾ, ಅತ್ತಿ."

"ಯಾವಾಗ?"

"ಬುಧವಾರ."

"ನಾ ಗವಿಗೆ ಹೋದಾಗ?"

"ಹೌದ್ರಿ."

ಅಷ್ಟರಲ್ಲಿ ಗುರುಲಿಂಗ ದುಕಾನಿನಿಂದ ಮೋಟರ್‌ಸೈಕಲ್ ಮೇಲೆ ಬಂದ. ಮಂದಿಯನ್ನು ಸರಿಸಿಕೊಂಡು ಒಳಗೆ ಬಂದವನು ಮೊದಲು ನೋಡಿದ್ದು ಸಂದೂಕವನ್ನು. ಆಮೇಲೆ ತಾಯಿಯನ್ನು. ಎಲ್ಲರೂ ಅದನ್ನು ಕಂಡರು. ರುಕ್ಮಿಣಿಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಸೂಗಮ್ಮ ಸೀರೆಯನ್ನು ಮಡಿಸಿ ಒಳಗಿಟ್ಟು, ಸಂದೂಕ ಮುಚ್ಚಿ, ಕೀಲಿ ಹಾಕಿದಳು. ಗೂಟದ ಮೇಲಿದ್ದ ಎರಡು ಹತ್ತಿ ಸೀರೆ ಚೀಲಕ್ಕೆ ತುರುಕಿದಳು. ಗುಳಿಗೆಯ ಡಬ್ಬಿ ತಗೊಂಡಳು.

"ಎಲ್ಲಿಗೆ ಹೊಂಟಿ?" ಎಂದ ಗುರುಲಿಂಗ.

"ನನ್ನ ಮಗಳ ಮನಿಗೆ."

"ಅವ್ವಾ, ಮಂದಿ ಮುಂದ ತಮಾಷಾ ಮಾಡಬ್ಯಾಡ."

"ಮಂದೀನ ಕರದಾಕಿ ನಾನೇನು?" ಎಂದಳು ಸೂಗಮ್ಮ. "ನಲವತ್ತೇಳು ವರ್ಷ ಆತು ಈ ಮನಿಗೆ ಬಂದು. ನನ್ನ ಸೀರಿ ನಾ ತಗಿಯಾಕ ಹೋದ್ರ ಮಂದಿ ಬಡಿಗಿ ತಗೊಂಡು ಬರೂ ಹಂಗ ಆತಲ್ಲೋ ಗುರು."

ಪೂನಂ ಕೈ ಹಿಡಿಯಲು ಹೋದಳು. ಸೂಗಮ್ಮ ಕೈ ಕೊಸರಲಿಲ್ಲ, ಬೈಯಲಿಲ್ಲ. ಸೊಸೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನಡೆದಳು. ಓಂಪ್ರಕಾಶ ಬಡಿಗೆ ಗೋಡೆಗೆ ಒರಗಿಸಿ, ಆಕೆಯನ್ನು ಬಸ್ ಸ್ಟ್ಯಾಂಡಿಗೆ ಮುಟ್ಟಿಸಲು ಮೋಟರ್‌ಸೈಕಲ್ ತೆಗೆದ.

ಮೂರು ವಾರ ಕಳೆದವು. ಕಿತ್ತ ಸೈರನ್ನಿನ ತಂತಿಯನ್ನು ಗುರುಲಿಂಗ ಅವತ್ತು ರಾತ್ರಿಯೇ ಹೆಂಡತಿಯಿಂದ ಮತ್ತೆ ಹಚ್ಚಿಸಿದ್ದ. ಮನೆಯಲ್ಲಿ ಒಲೆ ಉರಿಯುತ್ತಿತ್ತು, ಆದರೆ ಊಟ ಯಾರಿಗೂ ರುಚಿಸುತ್ತಿರಲಿಲ್ಲ. ಜೋಳ ಹಸನು ಮಾಡುವುದು, ಬೇಳೆ ಕೇರುವುದು, ಐಶ್ವರ್ಯಳ ಜಡೆ, ಸಂಜೆಯ ದೀಪ, ಇವೆಲ್ಲ ಸೂಗಮ್ಮನ ಪಾಲಿನ ಕೆಲಸಗಳು. ಈಗ ಪೂನಂಳ ತಲೆಗೆ ಬಂದವು. "ಆಯಿ ಎಂದ ಬರ್ತಾಳ?" ಎಂದು ಐಶ್ವರ್ಯ ಅಜ್ಜಿಯ ಬಗ್ಗೆ ದಿನಾ ಕೇಳುವಳು. ಸಂದೂಕದ ಕೀಲಿ ಒಡೆಯಲು ಗುರುಲಿಂಗನಿಗೆ ಧೈರ್ಯವಿರಲಿಲ್ಲ. ಅವ್ವನ ಸಂದೂಕ ಒಡೆದ ಮಗ ಅಂತ ಓಣಿ ಅಂದೀತೆಂಬ ಅಂಜಿಕೆ. ಕೊನೆಗೆ ಒಂದು ಬೆಳಿಗ್ಗೆ ಹೆಂಡತಿಗೆ ಹೇಳಿದ, "ಹುಮನಾಬಾದಿಗೆ ಹೋಗಿ ಅವ್ವನ ಕರಕೊಂಡು ಬಾ. ಬರಲಿಲ್ಲಂದ್ರ ಚಾವಿ ತಗೊಂಡು ಬಾ."

ಧನಶ್ರೀಯ ಮನೆ ಹಳೆಯ ಪೇಟೆಯ ಸಂದಿಯೊಂದರಲ್ಲಿತ್ತು. ಮುಂದಿನ ಕೋಣೆಯಲ್ಲಿ ಪೀಕೋ ಮಷೀನು, ಮೂಲೆಯಲ್ಲಿ ಸೀರೆಗಳ ರಾಶಿ. ಒಳಗೆ ಸೂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಸೊಸೆಯನ್ನು ಕಂಡು, "ಬಾ, ಕೈಕಾಲು ತೊಳಕೋ," ಎಂದಳು ಅಷ್ಟೇ. ಧನಶ್ರೀ, "ಕುಂಡ್ರಿ ವೈನಿ," ಎಂದು ಚಾಪೆ ಹಾಸಿ ಮಷೀನಿಗೆ ಹೋಗಿ ಕೂತಳು.

ಉಣ್ಣುವಾಗ ಸೂಗಮ್ಮ ತಾನಾಗಿ ಮಾತು ತೆಗೆದಳು. "ಚಾವಿ ಒಯ್ಯಾಕ ಬಂದಿ, ಅಲ್ಲೇನು?"

"ನಿಮ್ಮನ್ನ ಕರಿಯಾಕ ಬಂದೀನಿ, ಅತ್ತಿ."

"ಅಂವ ಏನು ಹೇಳಿ ಕಳಿಸ್ಯಾನ, ಖರೆ ಹೇಳು."

ಪೂನಂ ತಾಟಿನಲ್ಲಿದ್ದ ರೊಟ್ಟಿ ಮುರಿಯತೊಡಗಿದಳು. ಸೂಗಮ್ಮ ಸೊಂಟದ ಗಂಟು ಬಿಚ್ಚಿ ಚಾವಿಯನ್ನು ಅವಳ ತಾಟಿನ ಪಕ್ಕದಲ್ಲಿಟ್ಟಳು.

"ನಾ ಒಂದು ಗುಂಜಿ ಬಂಗಾರ ಕದ್ದು ಕೊಟ್ಟಿಲ್ಲವ್ವಾ. ಒಳಗ ಎರಡು ಗಂಟು ಅವ. ಕೆಂಪು ಅರಿವಿದು ನಿನಗ, ಐಶ್ವರ್ಯಾಗ. ಹಳದಿ ಅರಿವಿದು ಇಕಿದು. ಪಾಟ್ಲಿ, ಪುತಳಿ ಸರ, ನನ್ನ ತವರಮನಿದು. ಗುರುಗ ಹೇಳು, ತನ್ನ ಕೈಯಾರೆ ತಂಗಿಗೆ ಕೊಡ್ಲಿ. ಬ್ಯಾರೆ ಏನೂ ಬ್ಯಾಡ ನನಗ."

"ಹೇಳ್ತೀನಿ," ಎಂದಳು ಪೂನಂ.

ಬಸ್ಸಿನಲ್ಲಿ ಕೂತ ಕೂಡಲೇ ಫೋನ್ ಬಂತು. "ಕೊಟ್ಳೇನು ಚಾವಿ?"

"ಕೊಟ್ರು. ಒಂದು ಮಾತು ಹೇಳ್ಯಾರ—"

"ಮಾತು ಏನೂ ಬ್ಯಾಡ. ನಾ ಮುಡಬಿಯಾಗ ಇದ್ದೀನಿ, ಸಂಜಿಕಿ ಬರ್ತೀನಿ. ಎಲ್ಲಾ ಒಮ್ಮಿಲೆ ಕರಗ್ಸಿ ಐಶ್ವರ್ಯಾನ ಹೆಸರೀಲೆ ಬ್ಯಾಂಕಿನಾಗ ಇಟ್ಟುಬಿಡ್ತೀನಿ. ಆ ನೋಟಿಸಿನಾಕಿಗೆ ಒಂದು ಗುಂಜಿನೂ ಸಿಗಬಾರ್ದು."

ಬಸ್ಸು ನಡುವಿನ ರಾಜೇಶ್ವರ ಊರು ದಾಟುವವರೆಗೂ ಪೂನಂ ಚಾವಿಯನ್ನು ಮುಷ್ಟಿಯಲ್ಲೇ ಹಿಡಿದಿದ್ದಳು.

ಮನೆ ಮುಟ್ಟಿದಾಗ ಮೂರು ಗಂಟೆ. ಐಶ್ವರ್ಯ ಶಾಲೆಯಿಂದ ಬರಲು ಇನ್ನೂ ಹೊತ್ತಿತ್ತು. ಪೂನಂ ನೇರವಾಗಿ ಅಲಾರಮ್ಮಿನ ಖಾಲಿ ಡಬ್ಬಿ ತೆಗೆದು, ಅದರ ಜೊತೆ ಹೆಚ್ಚಿಗೆ ಬಂದಿದ್ದ ಅಯಸ್ಕಾಂತದ ತುಂಡೊಂದನ್ನು ತಗೊಂಡಳು. ಸಂದೂಕಕ್ಕೆ ಹಚ್ಚಿದ ಸೆನ್ಸರಿಗೆ ತಿಳಿಯುವುದು ಒಂದೇ ವಿಷಯ: ಪಕ್ಕದಲ್ಲಿ ಅಯಸ್ಕಾಂತ ಇದೆಯೋ ಇಲ್ಲವೋ. ಮುಚ್ಚಳದ ತುಂಡು ದೂರ ಹೋಗುವ ಮುಂಚೆ ಇನ್ನೊಂದನ್ನು ಒತ್ತಿ ಹಿಡಿದರೆ, ಸಂದೂಕ ಮುಚ್ಚಿಯೇ ಇದೆ ಎಂದು ಅದು ನಂಬುತ್ತದೆ. ಅವಳು ಆ ತುಂಡನ್ನು ಸೆನ್ಸರಿಗೆ ಒತ್ತಿ ಟೇಪು ಸುತ್ತಿದಳು. ಕೀಲಿ ತೆಗೆದಳು. ಮುಚ್ಚಳ ಎತ್ತಿದಳು.

ಮನೆ ಸುಮ್ಮನಿತ್ತು.

ಸೀರೆಗಳ ಕೆಳಗೆ ಎರಡು ಗಂಟುಗಳಿದ್ದವು, ಅತ್ತೆ ಹೇಳಿದಂತೆಯೇ. ಪೂನಂ ಹಳದಿಯದನ್ನು ತೆಗೆದುಕೊಂಡು ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ ಹುಗಿದಳು. ಸಂದೂಕ ಮುಚ್ಚಿ, ಕೀಲಿ ಹಾಕಿ, ಟೇಪು ಬಿಚ್ಚಿದಳು. ಹದಿನಾರು ವರ್ಷ ಈ ಮನೆಯಲ್ಲಿ ಒಂದು ರೂಪಾಯಿ ಮುಚ್ಚಿಟ್ಟವಳಲ್ಲ. ನೀರು ಕುಡಿದು ರೊಟ್ಟಿಗೆ ಹಿಟ್ಟು ಕಲೆಸಲು ಕೂತಳು.

ಸಂಜೆ ಗುರುಲಿಂಗ ಮೊಬೈಲಿನಲ್ಲಿ ಅಲಾರಂ ಬಂದ್ ಮಾಡಿ ಸಂದೂಕ ತೆಗೆದ. ಸೀರೆಗಳನ್ನೆಲ್ಲ ಹೊರಗೆ ಎಸೆದ. ಕೆಂಪು ಗಂಟು ಬಿಚ್ಚಿದ. ಬಿಲ್ವರ, ಬೋರಮಾಳ, ಎರಡು ಉಂಗುರ. ತಳವನ್ನೆಲ್ಲ ಕೈಯಿಂದ ತಡಕಿದ.

"ಪಾಟ್ಲಿ ಎಲ್ಲಿ? ಪುತಳಿ ಸರ ಎಲ್ಲಿ?"

ಪೂನಂ ಬಾಗಿಲಲ್ಲಿ ನಿಂತಿದ್ದಳು. ಅವನು ಮೊಬೈಲ್ ತೆಗೆದು ಬೆರಳಿನಿಂದ ಸರಿಸುತ್ತ ಹೋದ. "ಸೆನ್ಸರ್ ಹಚ್ಚಿದ ಮ್ಯಾಲ ಒಂದs ಸಲ ತೆರದದ. ಅದೂ ಎಲ್ಲಾರ ಕಣ್ಣ ಮುಂದ, ಬರೇ ಸೀರಿ ತಗದಾಳ. ಅಂದ್ರ ಅದಕ್ಕೂ ಮೊದ್ಲs ಸಾಗಿಸ್ಯಾಳ." ಗಂಟನ್ನು ನೆಲಕ್ಕೆ ಬಡಿದ. "ನೋಡಿದಿಲ್ಲೋ ಪೂನಂ? ನಾ ಸಂಶಯ ಪಟ್ರ ನೀವೆಲ್ಲ ನನ್ನ ಮಾರಿ ನೋಡ್ತಿದ್ರಿ. ನನ್ನವ್ವ ನನ್ನ ಮನ್ಯಾಗs ಕಳವು ಮಾಡ್ಯಾಳ!"

"ಹಂಗ ಅನ್ನಬ್ಯಾಡ್ರಿ."

"ಮತ್ತ ಹ್ಯಾಂಗ ಅನ್ಲಿ? ರೆಕ್ಕಿ ಬಂದು ಹಾರಿ ಹೋತೇನು?"

ನಿಜ ಪೂನಂಳ ನಾಲಿಗೆಯ ತುದಿಗೆ ಬಂತು. ಹೇಳಿದರೆ ಹಿಟ್ಟಿನ ಡಬ್ಬಿ ಬೋರಲಾಗುತ್ತದೆ, ಹಳದಿ ಗಂಟು ನಾಳೆಯೇ ಅಕ್ಕಸಾಲಿಗನ ಕುಲುಮೆಗೆ ಹೋಗುತ್ತದೆ. ಅವಳು ನೆಲದ ಮೇಲೆ ಬಿದ್ದ ಸೀರೆಗಳನ್ನು ಒಂದೊಂದಾಗಿ ಮಡಿಸತೊಡಗಿದಳು.

ನಾಲ್ಕು ದಿನ ಬಿಟ್ಟು, ಸೆನ್ಸರಿನ ಸೆಲ್ಲು ತರಬೇಕೆಂದು ಹೇಳಿ ಪೂನಂ ಮತ್ತೆ ಹುಮನಾಬಾದಿಗೆ ಹೋದಳು. ಹಳದಿ ಗಂಟನ್ನು ಅತ್ತೆಯ ಮಡಿಲಲ್ಲಿಟ್ಟಳು. ಗಂಟಿನ ಮಡಿಕೆಗಳಲ್ಲಿ ಇನ್ನೂ ಹಿಟ್ಟು ಇತ್ತು.

ಸೂಗಮ್ಮ ಗಂಟನ್ನು ಕಣ್ಣಿಗೆ ಒತ್ತಿಕೊಂಡಳು. "ಕೊಟ್ನೇನು? ಗುರು ಕೊಟ್ನೇನು?"

ಪೂನಂ ಇಲ್ಲ ಎನ್ನಲು ಬಾಯಿ ತೆರೆದಳು. ಮುದುಕಿಯ ಮುಖ ನೋಡಿದಳು. ಮೂರು ವಾರದಲ್ಲಿ ಕೆನ್ನೆಗಳು ಒಳಗೆ ಹೋಗಿದ್ದವು. ಆ ಮುಖದ ಮೇಲೆ ಈಗ ಎಂಥದೋ ಬೆಳಕು ಬಂದಿತ್ತು.

"ಹೌದ್ರಿ. ಅವರಿಗೆ ತಾವ ಬರಾಕ ಮನಸ್ಸು ಸಣ್ಣ ಆತು. ನನ್ನ ಕೈಯಾಗ ಕಳಿಸ್ಯಾರ."

"ನನಗ ಗೊತ್ತಿತ್ತು!" ಎಂದಳು ಸೂಗಮ್ಮ. ಅಳುತ್ತಲೇ ನಕ್ಕಳು. "ಅಂವಗ ಸಿಟ್ಟು ಭಾಳ, ಖರೆ ಒಳಗ ಕೆಟ್ಟಾಂವ ಅಲ್ಲ. ಧನಶ್ರೀ, ಅಣ್ಣಗ ಫೋನ್ ಹಚ್ಚವ್ವ. ನಾ ಮಾತಾಡ್ತೀನಿ."

ಪೂನಂ ತಟ್ಟನೆ ಕೈ ಅಡ್ಡ ಹಿಡಿದಳು. "ಈಗ ಬ್ಯಾಡ್ರಿ ಅತ್ತಿ. ಸ್ವಲ್ಪ ದಿನ ಹೋಗ್ಲಿ. ನಾಚಿಕಿ ಆಗ್ಯದ ಅವರಿಗೆ."

ಧನಶ್ರೀ ಮಷೀನು ನಿಲ್ಲಿಸಿ ಅತ್ತಿಗೆಯನ್ನು ನೋಡಿದಳು. ಬೀಳ್ಕೊಡಲು ಸಂದಿಯ ತಿರುವಿನವರೆಗೆ ಬಂದವಳು ಅಲ್ಲಿ ನಿಂತು ಮೆಲ್ಲಗೆ ಕೇಳಿದಳು, "ಅಣ್ಣ ಕೊಟ್ಟಿಲ್ಲ. ಹೌದಿಲ್ಲೋ?"

ಪೂನಂ ತಲೆಯಾಡಿಸಿದಳು.

"ಅಂವ ಏನಂತಾನ ಈಗ?"

"ಅತ್ತಿಯವರು ಮೊದ್ಲs ಸಾಗಿಸ್ಯಾರ ಅಂತಾರ."

ಧನಶ್ರೀ ಸೆರಗಿಗೆ ಅಂಟಿದ್ದ ದಾರದ ತುಂಡನ್ನು ತೆಗೆದು ಬಿಸಾಡಿದಳು. "ತಿರಗಿ ಒಯ್ರಿ ಅಂತ ಹೇಳೂವಷ್ಟು ಧೈರ್ಯ ನನಗಿಲ್ಲ ವೈನಿ. ಮೂರು ತಿಂಗಳ ಬಾಡಿಗಿ ನಿಂತದ," ಎಂದಳು. "ಅವ್ವಗ ಹೇಳಬ್ಯಾಡ್ರಿ. ಮಗಾ ಕೊಟ್ಟಾನಂತ ನಂಬ್ಯಾಳ. ಇರ್ಲಿ."

ಬಸ್ಸು ಹತ್ತುವ ಹೊತ್ತಿಗೆ ಸೂಗಮ್ಮ ಕಟ್ಟಿಕೊಟ್ಟ ರೊಟ್ಟಿಯ ಗಂಟು ಪೂನಂಳ ಕೈಯಲ್ಲಿತ್ತು. "ದೀಪಾವಳಿಗೆ ಅಂವ ಬಂದು ಒಂದು ಮಾತು ಬಾ ಅಂದ್ರ ಸಾಕು, ಬರ್ತೀನಿ," ಎಂದು ಆಕೆ ಮೂರು ಸಲ ಹೇಳಿ ಕಳಿಸಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಪೂನಂ ಆ ಮಾತು ಹೇಳಿದಳು.

"ಕರೀಬೇಕಂತೇನು?" ಗುರುಲಿಂಗ ರೊಟ್ಟಿ ಮುರಿಯುತ್ತ ನಕ್ಕ. "ತುಂಬಿಸಿಕೊಂಡು ಹೋದಾಕೀನ ಆರತಿ ಹಿಡದು ಕರೀಲೇನು? ಇನ್ನ ನೀ ಅಲ್ಲಿಗೆ ಹೋಗಾಂಗಿಲ್ಲ, ಇದs ಕಡೀದು." ಅಷ್ಟರಲ್ಲಿ ಮುಡಬಿಯಿಂದ ಅವನ ಸೋದರಮಾವನ ಫೋನ್ ಬಂತು. ಎಡಗೈಯಲ್ಲಿ ಹಿಡಿದು ದೊಡ್ಡ ದನಿಯಲ್ಲಿ ಮಾತಾಡತೊಡಗಿದ. "ಹೌದ್ರಿ ಮಾಮಾ, ಖರೆ. ನಿಮ್ಮ ಅಕ್ಕನs. ಪುರಾವಾ ಮೊಬೈಲಿನಾಗ ಅದ, ಬಂದು ನೋಡ್ರಿ. ಪೂನಂ ಹಚ್ಚಿದ್ದು ಒಂದs ಒಂದು ತಪ್ಪು ತೋರ್ಸಾಂಗಿಲ್ಲ. ಎರಡು ತಿಂಗಳ ಮೊದ್ಲs ಹಚ್ಚಬೇಕಾಗಿತ್ತು, ತಡಾ ಆತು."

ಐಶ್ವರ್ಯ ಉಣ್ಣುವುದನ್ನು ಬಿಟ್ಟಿದ್ದಳು. ತಾಯಿಯ ಕಡೆ ಬಾಗಿ ಪಿಸುದನಿಯಲ್ಲಿ ಕೇಳಿದಳು, "ಮಮ್ಮಿ, ಆಯಿ ಖರೇನ ಕದ್ದಾಳೇನು?"

ಪೂನಂ ಮಗಳ ಮುಖ ನೋಡಿದಳು. ಗುರುಲಿಂಗ ಫೋನ್ ಇಟ್ಟು ಇಬ್ಬರನ್ನೂ ನೋಡಿದ.

"ಏನಂತ ಕೇಳಾಕತ್ತಾಳ?"

"ಏನಿಲ್ರಿ," ಎಂದಳು ಪೂನಂ. ಸೌಟು ಎತ್ತಿ ಅವನ ತಾಟಿನ ಮೇಲೆ ಹಿಡಿದಳು. "ಬ್ಯಾಳಿ ಹಾಕ್ಲೇನು?"